ಎಲ್ಲ ಹುಣ್ಣೂ ಸಕ್ಕರೆ ಹುಣ್ಣಲ್ಲ

ಮಧುಮೇಹ ಇರುವವರಲ್ಲಿ ಸಿಫಿಲಿಸ್: ಪತ್ತೆ, ಚಿಕಿತ್ಸೆ ಮತ್ತು ಮನೆಯವರ ಪಾತ್ರ



ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡಲು ಈಗ ಯಾರಿಗೂ ಸಂಕೋಚವಿಲ್ಲ. ಹೊರರೋಗಿ ವಿಭಾಗದ ಬೆಂಚಿನಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಅಪರಿಚಿತರು ಐದೇ ನಿಮಿಷದಲ್ಲಿ "ನಿಮಗೆ ಶುಗರ್ ಎಷ್ಟಿದೆ?" ಎಂದು ವಿಚಾರಿಸಿಕೊಳ್ಳುತ್ತಾರೆ. ಆದರೆ ಸಿಫಿಲಿಸ್ ಎಂಬ ಮಾತು ಬಂದರೆ ದನಿ ತಗ್ಗುತ್ತದೆ. ಚೀಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತೇವೆ. ಎರಡೂ ಕಾಯಿಲೆ ಒಂದೇ ದೇಹದಲ್ಲಿ ಇದ್ದರೆ ಏನಾಗುತ್ತದೆ? ಹೇಳಿಕೊಳ್ಳಬಹುದಾದ ಕಾಯಿಲೆಯ ಮರೆಯಲ್ಲಿ ಹೇಳಿಕೊಳ್ಳಲಾಗದ ಕಾಯಿಲೆ ಅಡಗಿ ಕುಳಿತುಬಿಡುತ್ತದೆ. ಅದನ್ನು ಹೊರಗೆ ತರುವುದು ಹೇಗೆ, ಗುಣಪಡಿಸಿಕೊಳ್ಳುವುದು ಹೇಗೆ ಎಂಬುದೇ ಈ ಪಾಠ.

ಒಂದು ಕುಟುಂಬದ ಕಥೆ

ಇದು ಒಬ್ಬರ ಕಥೆಯಲ್ಲ. ನಾನು ಕಂಡ ಹಲವರ ಅನುಭವಗಳನ್ನು ಸೇರಿಸಿ, ಗುರುತು ಸಿಗದ ಹಾಗೆ ಹೇಳುತ್ತಿದ್ದೇನೆ.

ಅವರಿಗೆ ನಲವತ್ತು ದಾಟಿತ್ತು. ಬನ್ನೇರುಘಟ್ಟ ರಸ್ತೆಯ ಬದಿಯಲ್ಲಿ ಚಿಕ್ಕ ಅಂಗಡಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ದಿನ ಜನನಾಂಗದ ಮೇಲೆ ಸಣ್ಣ ಹುಣ್ಣು ಕಾಣಿಸಿತು. ನೋವಿಲ್ಲ, ಉರಿಯಿಲ್ಲ. "ಶುಗರ್ ಜಾಸ್ತಿಯಾಗಿದೆ, ಅದಕ್ಕೇ ಹೀಗೆ" ಎಂದು ಅವರೇ ತೀರ್ಮಾನಿಸಿದರು. ಔಷಧಿ ಅಂಗಡಿಯಿಂದ ಒಂದು ಮುಲಾಮು ತಂದು ಹಚ್ಚಿದರು. ಸಿಹಿ ಬಿಟ್ಟರು, ರಾತ್ರಿ ಅನ್ನ ಬಿಟ್ಟು ಮುದ್ದೆಗೆ ಬಂದರು, ಬೆಳಿಗ್ಗೆ ಹುಳಿಮಾವು ಕೆರೆಯ ಕಡೆ ನಡೆಯಲು ಶುರು ಮಾಡಿದರು. ಶುಗರ್ ಇಳಿಯಿತು, ಹುಣ್ಣೂ ಮಾಯಿತು. ಶುಗರ್ ಇಳಿದದ್ದರಿಂದಲೇ ಹುಣ್ಣು ಮಾಯಿತು ಎಂದು ಅವರು ನಂಬಿದರು. ನಂಬುವುದು ಸಹಜವೇ.

ಎರಡು ತಿಂಗಳ ನಂತರ ಅಂಗೈಯಲ್ಲಿ ತಾಮ್ರದ ಬಣ್ಣದ ಚುಕ್ಕೆಗಳು ಎದ್ದವು. ತುರಿಕೆ ಇರಲಿಲ್ಲ. "ಮಾತ್ರೆಯ ಅಲರ್ಜಿ ಇರಬೇಕು" ಎಂದುಕೊಂಡು ಸುಮ್ಮನಾದರು.

ಆಗ ಅವರ ಹೆಂಡತಿ ಐದು ತಿಂಗಳ ಬಸುರಿ. ತಪಾಸಣೆಗೆ ರಕ್ತ ಕೊಟ್ಟರು. ಎರಡು ಫಲಿತಾಂಶ ಒಟ್ಟಿಗೆ ಬಂದವು. ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದ ಶುಗರ್ 162, ಅಂದರೆ ಬಸುರಿನ ಸಕ್ಕರೆ ಕಾಯಿಲೆ. ವಿಡಿಆರ್‌ಎಲ್ ಪರೀಕ್ಷೆ ರಿಯಾಕ್ಟಿವ್, 1:32. ಹೊರಗಿನ ಲ್ಯಾಬಿನವರು ಆ ಲಕೋಟೆಯನ್ನು ಅತ್ತೆಯ ಕೈಗೆ ಕೊಟ್ಟಿದ್ದರು. ಅತ್ತೆ ಯಾರನ್ನೋ ಕೇಳಿ ಅರ್ಥ ತಿಳಿದುಕೊಂಡಿದ್ದರು. ನನ್ನ ಮೇಜಿನ ಮುಂದೆ ಕುಳಿತಾಗ ಅವರು ಕೇಳಿದ ಮೊದಲ ಮಾತು, "ಇದನ್ನ ಎಲ್ಲಿಂದ ತಂದೆಯಮ್ಮ?" ಸೊಸೆ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗಂಡ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ಅಂಗೈ ತೆರೆದು ತೋರಿಸಿದರು. "ಸಿಸ್ಟರ್, ಇದೂ ಅದೇನಾ?" ಎಂದರು.

ಆ ಪ್ರಶ್ನೆಯನ್ನು ಮೂರು ತಿಂಗಳ ಮೊದಲೇ ಕೇಳಿದ್ದರೆ ಮೂವರು ಜೀವಗಳಿಗೆ ಇಷ್ಟು ಕಷ್ಟ ಬರುತ್ತಿರಲಿಲ್ಲ.

ಸಿಫಿಲಿಸ್ ಎಂದರೇನು?

ಸಿಫಿಲಿಸ್ ಒಂದು ರೋಗಾಣುವಿನಿಂದ ಬರುವ ಸೋಂಕು. ತಿರುಪಿನಂತೆ ಸುತ್ತಿಕೊಂಡಿರುವ ಈ ರೋಗಾಣುವಿನ ಹೆಸರು ಟ್ರೆಪೋನೆಮಾ ಪ್ಯಾಲಿಡಮ್. ಇದನ್ನು 1905ರಲ್ಲಿ ಜರ್ಮನಿಯ ಶಾಡಿನ್ ಮತ್ತು ಹಾಫ್‌ಮನ್ ಎಂಬುವರು ಗುರುತಿಸಿದರು. ಇದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ಬರುತ್ತದೆ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಶೌಚಾಲಯ ಬಳಸಿದರೆ, ಬಟ್ಟೆ ಒಗೆದರೆ ಬರುವುದಿಲ್ಲ.

ನಮ್ಮಲ್ಲಿ ಇದಕ್ಕೆ ಪರಂಗಿ ಹುಣ್ಣು ಎಂಬ ಹಳೆಯ ಹೆಸರಿದೆ. 16ನೇ ಶತಮಾನದ ಭಾವಮಿಶ್ರರು ತಮ್ಮ ಭಾವಪ್ರಕಾಶ ಗ್ರಂಥದಲ್ಲಿ ಇದನ್ನು ಫಿರಂಗ ರೋಗ ಎಂದು ಕರೆದಿದ್ದಾರೆ. ಕೆಲವು ಕಡೆ ಹಿರಿಯರು ಲೈಂಗಿಕ ರೋಗಗಳಿಗೆಲ್ಲ ಸೇರಿಸಿ 'ಮೇಹ' ಎನ್ನುವುದುಂಟು. ಇದರಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟಿದೆ. ಮೇಹವೂ ಮಧುಮೇಹವೂ ಒಂದೇ ಜಾತಿಯ ಕಾಯಿಲೆ ಎಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಮಧುಮೇಹ ಇನ್ಸುಲಿನ್ ಕೊರತೆಯಿಂದ ಅಥವಾ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಬರುವುದು. ಅದು ಅಂಟುರೋಗವಲ್ಲ. ಸಿಫಿಲಿಸ್ ಅಂಟುರೋಗ. ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ಆದರೆ ಎರಡೂ ಒಬ್ಬರಲ್ಲೇ ಇರಬಹುದು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ತಿಳಿಸಿತು. ಜಗತ್ತಿನಲ್ಲಿ 2022ರ ಒಂದೇ ವರ್ಷದಲ್ಲಿ 15ರಿಂದ 49 ವಯಸ್ಸಿನ ಸುಮಾರು 80 ಲಕ್ಷ ಜನರಿಗೆ ಹೊಸದಾಗಿ ಸಿಫಿಲಿಸ್ ತಗುಲಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. "ಅದೆಲ್ಲ ಹಳೆ ಕಾಲದ ಕಾಯಿಲೆ" ಎನ್ನುವಂತಿಲ್ಲ.

ಕಾಯಿಲೆಯ ಹಂತಗಳು

ಮೊದಲ ಹಂತ: ಸೋಂಕು ತಗುಲಿದ 10ರಿಂದ 90 ದಿನಗಳೊಳಗೆ, ಸಾಮಾನ್ಯವಾಗಿ ಮೂರು ವಾರಕ್ಕೆ, ಸೋಂಕು ಒಳಹೊಕ್ಕ ಜಾಗದಲ್ಲಿ ಹುಣ್ಣು ಏಳುತ್ತದೆ. ಜನನಾಂಗ, ಗುದದ್ವಾರ, ಕೆಲವೊಮ್ಮೆ ತುಟಿ ಅಥವಾ ಬಾಯಿ. ಹೆಂಗಸರಲ್ಲಿ ಯೋನಿಯ ಒಳಗಿದ್ದರೆ ಕಾಣುವುದೇ ಇಲ್ಲ. ಮುಟ್ಟಿದರೆ ಗಟ್ಟಿ, ಆದರೆ ನೋವಿಲ್ಲ. ಚಿಕಿತ್ಸೆ ಮಾಡಿದರೂ ಮಾಡದಿದ್ದರೂ 3ರಿಂದ 6 ವಾರಗಳಲ್ಲಿ ತಾನಾಗಿ ಮಾಯುತ್ತದೆ. ಮೋಸವಾಗುವುದು ಇಲ್ಲೇ. ಹುಣ್ಣು ಮಾಯುತ್ತದೆ, ರೋಗಾಣು ರಕ್ತದಲ್ಲಿ ಉಳಿಯುತ್ತದೆ.

ಎರಡನೆಯ ಹಂತ: ಕೆಲವು ವಾರಗಳ ನಂತರ ಮೈಮೇಲೆ, ಮುಖ್ಯವಾಗಿ ಅಂಗೈ ಮತ್ತು ಅಂಗಾಲಿನಲ್ಲಿ ಚುಕ್ಕೆಗಳು ಏಳುತ್ತವೆ. ಜ್ವರ, ಸುಸ್ತು, ಬಾಯಲ್ಲಿ ಬಿಳಿ ಮಚ್ಚೆ, ಅಲ್ಲಲ್ಲಿ ಕೂದಲು ಉದುರುವುದು, ಗಂಟಲು ಮತ್ತು ತೊಡೆಸಂದಿನಲ್ಲಿ ಗಂಟು ಕಾಣಬಹುದು. ಇವೂ ತಾವಾಗಿ ಮರೆಯಾಗುತ್ತವೆ.

ಅಡಗಿದ ಹಂತ: ಯಾವ ತೊಂದರೆಯೂ ಇರುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಇದು ವರ್ಷಗಟ್ಟಲೆ ಇರಬಹುದು.

ಕೊನೆಯ ಹಂತ: ಚಿಕಿತ್ಸೆ ಪಡೆಯದ ಕೆಲವರಲ್ಲಿ ಹತ್ತಿಪ್ಪತ್ತು ವರ್ಷಗಳ ನಂತರವೂ ಹೃದಯದ ದೊಡ್ಡ ರಕ್ತನಾಳ, ಮೆದುಳು, ಬೆನ್ನುಹುರಿ ಕೆಡುತ್ತವೆ. ಕಣ್ಣು, ಕಿವಿ ಮತ್ತು ಮೆದುಳಿನ ಪೊರೆಗೆ ತೊಂದರೆ ಬರಲು ಇಷ್ಟು ಕಾಲ ಬೇಕಿಲ್ಲ. ಅದು ಯಾವ ಹಂತದಲ್ಲಾದರೂ ಬರಬಹುದು.

ಸಕ್ಕರೆ ಕಾಯಿಲೆ ಇದ್ದವರಲ್ಲಿ ಗೊಂದಲ ಎಲ್ಲೆಲ್ಲಿ?

ಸಕ್ಕರೆ ಕಾಯಿಲೆ ಕೂಡ ಚರ್ಮ, ನರ, ಕಣ್ಣು, ಪಾದ ಎಲ್ಲವನ್ನೂ ಮುಟ್ಟುವ ಕಾಯಿಲೆ. ಆದ್ದರಿಂದ ಏನು ಬಂದರೂ ಸಕ್ಕರೆಯ ಖಾತೆಗೆ ಬರೆದುಬಿಡುವುದು ರೂಢಿ. ಕೆಳಗಿನ ವಿಷಯಗಳಲ್ಲಿ ಎಚ್ಚರವಿರಲಿ.

1. ಜನನಾಂಗದ ಹುಣ್ಣು. ಶುಗರ್ ಹೆಚ್ಚಿದ್ದರೆ ಜನನಾಂಗದಲ್ಲಿ ಶಿಲೀಂಧ್ರದ ಸೋಂಕು ಬರುವುದು ನಿಜ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಹೆಚ್ಚು. ಆದರೆ ಶಿಲೀಂಧ್ರದ ಸೋಂಕಿನಲ್ಲಿ ತುರಿಕೆ, ಉರಿ, ಕೆಂಪು, ಮೊಸರಿನಂಥ ಬಿಳಿ ಪದಾರ್ಥ, ಮುಂದೊಗಲು ಸೀಳುವುದು ಇರುತ್ತದೆ. ಸಿಫಿಲಿಸ್ ಹುಣ್ಣಿನಲ್ಲಿ ಸಾಮಾನ್ಯವಾಗಿ ನೋವೂ ಇಲ್ಲ, ತುರಿಕೆಯೂ ಇಲ್ಲ. ನೋವಿಲ್ಲ ಎಂಬುದು ಧೈರ್ಯ ತಂದುಕೊಳ್ಳುವ ವಿಷಯವಲ್ಲ, ತೋರಿಸಿಕೊಳ್ಳಬೇಕಾದ ವಿಷಯ. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ಕಣ್ಣಿನಿಂದ ನೋಡಿ ನೀವೇ ತೀರ್ಮಾನಿಸಬೇಡಿ.

2. ಅಂಗೈ, ಅಂಗಾಲಿನ ಚುಕ್ಕೆ. ಮಾತ್ರೆಯ ಅಲರ್ಜಿ ಎಂದು ಸುಮ್ಮನಾಗಬೇಡಿ. ಅಲರ್ಜಿಯೆಂದು ಹೇಳಿ ಸಕ್ಕರೆಯ ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ.

3. ಪಾದ ಜೋಮು ಹಿಡಿಯುವುದು, ನಡೆಯುವಾಗ ಓಲಾಡುವುದು. ಮಧುಮೇಹದಲ್ಲಿ ಪಾದದ ನರ ಕೆಟ್ಟು ಸ್ಪರ್ಶ ತಪ್ಪುತ್ತದೆ, ನೋವಿಲ್ಲದ ಹುಣ್ಣಾಗುತ್ತದೆ, ಕೀಲಿನ ಮೂಳೆ ಕುಸಿದು ಪಾದದ ಆಕಾರವೇ ಕೆಡುತ್ತದೆ. ಬೆನ್ನುಹುರಿಯ ಸಿಫಿಲಿಸ್‌ನಲ್ಲೂ ಇದೇ ಆಗುತ್ತದೆ. ಕೀಲು ಹೀಗೆ ಕುಸಿಯುವುದಕ್ಕೆ ಶಾರ್ಕೋ ಕೀಲು ಎನ್ನುತ್ತಾರೆ. 19ನೇ ಶತಮಾನದಲ್ಲಿ ಪ್ಯಾರಿಸ್‌ನ ವೈದ್ಯ ಶಾರ್ಕೋ ಇದನ್ನು ಸಿಫಿಲಿಸ್‌ನಿಂದ ಬೆನ್ನುಹುರಿ ಕೆಟ್ಟ ರೋಗಿಗಳಲ್ಲಿ ವಿವರಿಸಿದ್ದರು. ಈಗ ಇದಕ್ಕೆ ದೊಡ್ಡ ಕಾರಣ ಮಧುಮೇಹವೇ. ಹಾಗಾಗಿ ಬಹುತೇಕ ಪಾದದ ಹುಣ್ಣು ಸಕ್ಕರೆಯದೇ ಆಗಿರುತ್ತದೆ. ಹೆದರಬೇಕಿಲ್ಲ. ಆದರೆ ವೈದ್ಯರು ಸಂಶಯದಿಂದ ಒಂದು ರಕ್ತ ಪರೀಕ್ಷೆ ಬರೆದರೆ ಅದನ್ನು ಅವಮಾನ ಎಂದುಕೊಳ್ಳಬೇಡಿ.

4. ದೃಷ್ಟಿ ಮಂಜಾಗುವುದು, ಕಿವಿ ಕೇಳಿಸದಿರುವುದು, ಮರೆವು. ದೃಷ್ಟಿ ಹಠಾತ್ತನೆ ಮಂಜಾದರೆ, ಕಣ್ಣು ಕೆಂಪಾಗಿ ನೋವಾದರೆ, "ಶುಗರ್ ಕಣ್ಣಿಗೆ ಇಳಿದಿದೆ" ಎಂದು ಮುಂದಿನ ತಿಂಗಳ ತಪಾಸಣೆಗೆ ಕಾಯಬೇಡಿ. ಅದೇ ದಿನ ಬನ್ನಿ.

ಪರೀಕ್ಷೆಗಳು ಯಾವುವು?

ಸಿಫಿಲಿಸ್ ಪತ್ತೆಗೆ ತೋಳಿನಿಂದ ತೆಗೆದ ಸ್ವಲ್ಪ ರಕ್ತ ಸಾಕು. ಹೊಟ್ಟೆ ಖಾಲಿ ಇರಬೇಕಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಇನ್ಸುಲಿನ್ ಚುಚ್ಚಿಕೊಂಡು, "ರಕ್ತ ಪರೀಕ್ಷೆ ಇದೆ" ಎಂದು ಉಪವಾಸ ಕುಳಿತು, ಸಾಲಿನಲ್ಲೇ ಬೆವತು ತಲೆಸುತ್ತಿ ಬಿದ್ದವರನ್ನು ನಾವು ಎತ್ತಿದ್ದೇವೆ. ಖಾಲಿ ಹೊಟ್ಟೆ ಬೇಕಾಗುವುದು ಶುಗರ್‌ನ ಫಾಸ್ಟಿಂಗ್ ಪರೀಕ್ಷೆಗೆ. ಆ ದಿನ ಇನ್ಸುಲಿನ್ ಮತ್ತು ಮಾತ್ರೆ ಯಾವಾಗ ಎಂದು ಮೊದಲೇ ಕೇಳಿಕೊಳ್ಳಿ.

ವಿಡಿಆರ್‌ಎಲ್ ಅಥವಾ ಆರ್‌ಪಿಆರ್: ವಿಡಿಆರ್‌ಎಲ್ ಪರೀಕ್ಷೆಯನ್ನು ಅಮೆರಿಕದಲ್ಲಿ 1946ರಲ್ಲಿ ರೂಪಿಸಿದರು. ಫಲಿತಾಂಶ 1:2, 1:8, 1:32 ಹೀಗೆ ಬರುತ್ತದೆ. ರಕ್ತವನ್ನು ಎಷ್ಟು ಪಟ್ಟು ತೆಳು ಮಾಡಿದರೂ ಪರೀಕ್ಷೆ ರಿಯಾಕ್ಟಿವ್ ಆಗುತ್ತದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಚಿಕಿತ್ಸೆಯ ನಂತರ ಈ ಅಂಕಿ ಇಳಿಯಬೇಕು.

ಟಿಪಿಎಚ್‌ಎ: ಮೊದಲನೆಯದನ್ನು ಖಚಿತಪಡಿಸುವ ಪರೀಕ್ಷೆ. ಇದು ಒಮ್ಮೆ ಪಾಸಿಟಿವ್ ಆದರೆ, ಕಾಯಿಲೆ ಗುಣವಾದರೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ. ಬೆರಳ ತುದಿ ಚುಚ್ಚಿ ಮಾಡುವ ಕಾರ್ಡ್ ಪರೀಕ್ಷೆಯೂ ಹೀಗೆಯೇ.

ಎರಡು ಪರೀಕ್ಷೆ ಏಕೆ? ವಿಡಿಆರ್‌ಎಲ್ ಕೆಲವೊಮ್ಮೆ ಸಿಫಿಲಿಸ್ ಇಲ್ಲದಿದ್ದರೂ ರಿಯಾಕ್ಟಿವ್ ಬರಬಹುದು. ಬಸುರಿನಲ್ಲಿ, ವಯಸ್ಸಾದವರಲ್ಲಿ, ಮಲೇರಿಯಾ, ಕುಷ್ಠ, ಲೂಪಸ್‌ನಂಥ ಕಾಯಿಲೆಗಳಲ್ಲಿ ಹೀಗಾಗುವುದುಂಟು. ಆದ್ದರಿಂದ ಒಂದು ಚೀಟಿ ನೋಡಿ ಮನೆಯಲ್ಲಿ ಜಗಳ ಶುರು ಮಾಡಬೇಡಿ. ಹಾಗೆಯೇ "ಶುಗರ್ ಇರುವುದರಿಂದ ಹೀಗೆ ಬಂದಿದೆ" ಎಂದು ಚೀಟಿಯನ್ನು ಹರಿದು ಬಿಸಾಡಲೂ ಬೇಡಿ. ಟಿಪಿಎಚ್‌ಎ ಮಾಡಿಸಿ. ಇನ್ನೊಂದು ಮಾತು: ಹುಣ್ಣು ಎದ್ದ ಮೊದಲ ದಿನಗಳಲ್ಲಿ ರಕ್ತ ಪರೀಕ್ಷೆ ನಾನ್‌ರಿಯಾಕ್ಟಿವ್ ಬರಬಹುದು. ವೈದ್ಯರು ಮತ್ತೆ ಬರಹೇಳಿದರೆ ತಪ್ಪದೆ ಬನ್ನಿ. ಜೊತೆಯಲ್ಲಿ ಎಚ್‌ಐವಿ ಪರೀಕ್ಷೆಯನ್ನೂ ಸಲಹೆ ಮಾಡುತ್ತಾರೆ.

ಬೆನ್ನಿನ ನೀರು ಪರೀಕ್ಷೆ: ಮೆದುಳು ಅಥವಾ ನರಕ್ಕೆ ಹರಡಿರುವ ಸಂಶಯವಿದ್ದರೆ ಬೆನ್ನುಮೂಳೆಯ ಕೆಳಭಾಗದಿಂದ ಸ್ವಲ್ಪ ನೀರು ತೆಗೆಯುತ್ತಾರೆ. ಮಧುಮೇಹ ಇದ್ದವರಲ್ಲಿ ಇದಕ್ಕೆ ವಿಶೇಷ ಎಚ್ಚರ ಬೇಕು. ಆ ನೀರಿನಲ್ಲಿರುವ ಸಕ್ಕರೆ ರಕ್ತದ ಸಕ್ಕರೆಯ ಸುಮಾರು ಮೂರನೇ ಎರಡು ಭಾಗ ಇರುತ್ತದೆ. ರಕ್ತದಲ್ಲಿ ಹೆಚ್ಚಿದ್ದರೆ ಅಲ್ಲೂ ಹೆಚ್ಚು. ಆದ್ದರಿಂದ ಅದೇ ಹೊತ್ತಿಗೆ ರಕ್ತದ ಶುಗರ್ ಕೂಡ ನೋಡುತ್ತಾರೆ. ಹಳೆಯ ಮಧುಮೇಹಿಗಳಲ್ಲಿ ಆ ನೀರಿನ ಪ್ರೋಟೀನ್ ಸಿಫಿಲಿಸ್ ಇಲ್ಲದೆಯೂ ಏರಿರಬಹುದು. ಹಾಗಾಗಿ ಒಂದೇ ಅಂಕಿ ಹಿಡಿದು ತೀರ್ಮಾನಿಸದೆ, ಜೀವಕೋಶಗಳ ಸಂಖ್ಯೆ, ಅದೇ ನೀರಿನ ವಿಡಿಆರ್‌ಎಲ್ ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ನಿಮಗೆ ಸಕ್ಕರೆ ಕಾಯಿಲೆ ಇದೆಯೆಂದು ಪರೀಕ್ಷೆಗೆ ಮೊದಲೇ ಹೇಳಿ. ನಮ್ಮ ಭಾಗದವರನ್ನು ಇಂಥ ಸಂದರ್ಭದಲ್ಲಿ ನಿಮ್ಹಾನ್ಸ್‌ಗೆ ಕಳಿಸುವುದುಂಟು. ನಿಮ್ಹಾನ್ಸ್ ಎಂದ ಕೂಡಲೇ ಬಂಧುಗಳು ಗಾಬರಿಯಾಗಬಾರದು. ಅದು ನರರೋಗಗಳ ಆಸ್ಪತ್ರೆಯೂ ಹೌದು.

ಚಿಕಿತ್ಸೆ

1943ರಲ್ಲಿ ಅಮೆರಿಕದ ವೈದ್ಯ ಮಹೋನಿ ಮತ್ತು ಅವರ ಜೊತೆಗಾರರು ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ಸಿಫಿಲಿಸ್ ಗುಣಪಡಿಸಿದರು. ಅಲ್ಲಿಯವರೆಗೆ ಪಾದರಸ, ಆರ್ಸೆನಿಕ್‌ನಂಥ ವಿಷ ಪದಾರ್ಥಗಳೇ ಔಷಧಿಯಾಗಿದ್ದವು. ಅಷ್ಟು ವರ್ಷಗಳಾದರೂ ಇಂದಿಗೂ ಪೆನಿಸಿಲಿನ್ನೇ ಮೊದಲ ಆಯ್ಕೆ. ಮಧುಮೇಹ ಇದೆಯೆಂಬ ಕಾರಣಕ್ಕೆ ಔಷಧಿ ಬದಲಾಗುವುದಿಲ್ಲ, ಪ್ರಮಾಣವೂ ಬದಲಾಗುವುದಿಲ್ಲ. ಮಧುಮೇಹ ಇದ್ದವರಿಗೂ ಇದು ಗುಣವಾಗುತ್ತದೆ.

ಆರಂಭದ ಹಂತ: ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಒಂದೇ ಬಾರಿ. ಸಾಮಾನ್ಯವಾಗಿ ಎರಡು ಪಿರ್ರೆಗೂ 12 ಲಕ್ಷದಂತೆ ಹಂಚಿ ಕೊಡುತ್ತೇವೆ.

ಒಂದು ವರ್ಷಕ್ಕಿಂತ ಹಳೆಯದು ಅಥವಾ ಯಾವಾಗಿನದೆಂದು ಗೊತ್ತಿಲ್ಲದ್ದು: ಅದೇ ಪ್ರಮಾಣ ವಾರಕ್ಕೊಮ್ಮೆ, ಮೂರು ವಾರ. ಎರಡು ತೆಗೆದುಕೊಂಡು "ಈಗ ಚೆನ್ನಾಗಿದ್ದೇನೆ" ಎಂದು ಮೂರನೆಯದು ಬಿಡಬೇಡಿ.

ಮೆದುಳು, ನರ, ಕಣ್ಣು, ಕಿವಿಗೆ ಹರಡಿದ್ದರೆ: ಆಸ್ಪತ್ರೆಯಲ್ಲಿ ಉಳಿದು 10ರಿಂದ 14 ದಿನ ರಕ್ತನಾಳದ ಮೂಲಕ ಕ್ರಿಸ್ಟಲೈನ್ ಪೆನಿಸಿಲಿನ್. ಈ ಔಷಧಿಯಲ್ಲಿ ಪೊಟ್ಯಾಸಿಯಂ ಇರಬಹುದಾದ್ದರಿಂದ, ಸಕ್ಕರೆಯಿಂದ ಮೂತ್ರಪಿಂಡ ಕೆಟ್ಟಿರುವವರು ತಮ್ಮ ಕ್ರಿಯಾಟಿನಿನ್ ವರದಿಯನ್ನು ತಪ್ಪದೆ ತೋರಿಸಬೇಕು. ಔಷಧಿ ಬೆರೆಸಲು ಗ್ಲೂಕೋಸ್ ಬಾಟಲಿಯ ಬದಲು ಉಪ್ಪುನೀರಿನ ಬಾಟಲಿ ಬಳಸಬಹುದು. ಮಧುಮೇಹ ಇರುವುದನ್ನು ವಾರ್ಡಿನ ನರ್ಸ್‌ಗೆ ನೆನಪಿಸಿ. ಮೂತ್ರ ಕಾಯಿಸಿ ಸಕ್ಕರೆ ನೋಡುವ ಹಳೆಯ ಬೆನೆಡಿಕ್ಟ್ ಪರೀಕ್ಷೆ ಹೆಚ್ಚು ಪೆನಿಸಿಲಿನ್ ಪಡೆಯುವಾಗ ತಪ್ಪು ತೋರಿಸಬಹುದು. ಗ್ಲೂಕೋಮೀಟರ್‌ನಲ್ಲೇ ನೋಡಿಸಿ.

ಪೆನಿಸಿಲಿನ್ ಅಲರ್ಜಿ ಇದ್ದವರಿಗೆ: ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಬಾರಿ, ಆರಂಭದ ಹಂತದಲ್ಲಿ 14 ದಿನ, ಹಳೆಯದಾದರೆ 28 ದಿನ. ತುಂಬು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಯ ಜೊತೆ ಸೇರಿಸಬೇಡಿ. ಬಸುರಿಯರಿಗೆ ಈ ಮಾತ್ರೆ ಕೊಡುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ಎರಡು ಅಜಿತ್ರೋಮೈಸಿನ್ ನುಂಗಿ ಗುಣವಾಯಿತು ಎಂದುಕೊಳ್ಳಬೇಡಿ. ಅದಕ್ಕೆ ಬಗ್ಗದ ಸಿಫಿಲಿಸ್ ರೋಗಾಣುಗಳು ಜಗತ್ತಿನ ಹಲವು ಕಡೆ ಹರಡಿವೆ.

ಸರ್ಕಾರಿ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಚಿಕಿತ್ಸೆ ಉಚಿತ. ಜನನಾಂಗದ ಹುಣ್ಣಿಗೆ ಬಿಳಿ ಬಣ್ಣದ ಕಿಟ್, ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ನೀಲಿ ಬಣ್ಣದ ಕಿಟ್ ಎಂದು ಅಲ್ಲಿ ಗುರುತು ಮಾಡಿರುತ್ತಾರೆ. ಹೆಸರು ಹೇಳದೆ ಸಲಹೆ ಕೇಳಲು 1097 ಎಂಬ ಉಚಿತ ದೂರವಾಣಿ ಇದೆ.

ಇಂಜೆಕ್ಷನ್ ನಂತರದ ಮೊದಲ ದಿನ

ಹಿಂದೆ ಪೆನಿಸಿಲಿನ್‌ನಿಂದ ದದ್ದು, ಉಸಿರಾಟದ ತೊಂದರೆ ಆಗಿದ್ದರೆ ಇಂಜೆಕ್ಷನ್‌ಗೆ ಮೊದಲೇ ಹೇಳಿ. ಕೊಟ್ಟ ಮೇಲೆ ಅರ್ಧ ಗಂಟೆ ಇಲ್ಲೇ ಕುಳಿತಿರಿ. ಬಸ್ ತಪ್ಪುತ್ತದೆ ಎಂದು ಓಡಬೇಡಿ.

ಮೊದಲ 24 ಗಂಟೆಯಲ್ಲಿ ಕೆಲವರಿಗೆ ಜ್ವರ, ಚಳಿ, ತಲೆನೋವು, ಮೈಕೈ ನೋವು ಬರುತ್ತದೆ. ಚುಕ್ಕೆಗಳು ಹೆಚ್ಚಾದಂತೆ ಕಾಣಬಹುದು. ಇದು ಅಲರ್ಜಿಯಲ್ಲ. ರೋಗಾಣುಗಳು ಒಮ್ಮೆಲೇ ಸಾಯುವಾಗ ದೇಹ ತೋರುವ ಪ್ರತಿಕ್ರಿಯೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಆದರೆ ಜ್ವರ ಬಂದರೆ ಶುಗರ್ ಏರುತ್ತದೆ, ಊಟ ಸೇರದಿದ್ದರೆ ಇಳಿಯುತ್ತದೆ. ಆದ್ದರಿಂದ ಮಧುಮೇಹ ಇದ್ದವರು ಈ ದಿನ ಹೀಗೆ ಮಾಡಿ:

• ಇನ್ಸುಲಿನ್ ನೀವಾಗಿಯೇ ನಿಲ್ಲಿಸಬೇಡಿ. ಎಷ್ಟು ಬೇಕೆಂದು ವೈದ್ಯರನ್ನು ಕೇಳಿ.
• ಜ್ವರವಿದ್ದರೆ 4ರಿಂದ 6 ಗಂಟೆಗೊಮ್ಮೆ ಶುಗರ್ ನೋಡಿ.
• ನೀರು, ತಿಳಿ ಮಜ್ಜಿಗೆ, ಗಂಜಿ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಿ.
• ಬೆವರು, ನಡುಕ, ತಲೆಸುತ್ತು ಬಂದು ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷದ ನಂತರ ಮತ್ತೆ ನೋಡಿ.
• ವಾಂತಿಯಾಗಿ ಏನೂ ನಿಲ್ಲದಿದ್ದರೆ, ಏದುಸಿರು ಬಂದರೆ, ಶುಗರ್ 300 ದಾಟಿದರೆ ಕಾಯದೆ ಆಸ್ಪತ್ರೆಗೆ ಬನ್ನಿ. ವಾಂತಿ ಇರುವಾಗ ಮೆಟ್‌ಫಾರ್ಮಿನ್ ಮತ್ತು ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಯನ್ನು ಮುಂದುವರಿಸಬೇಕೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಬಸುರಿಯರಿಗೆ

ಬಸುರಿನಲ್ಲಿ ಚಿಕಿತ್ಸೆ ಇಲ್ಲದೆ ಉಳಿದ ಸಿಫಿಲಿಸ್‌ನಿಂದ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು ಅಥವಾ ಮೂಳೆ, ಕಣ್ಣು, ಕಿವಿ, ಮೆದುಳಿನ ತೊಂದರೆಯೊಂದಿಗೆ ಹುಟ್ಟಬಹುದು. ಮಗುವನ್ನು ಖಚಿತವಾಗಿ ಕಾಪಾಡುವ ಔಷಧಿ ಪೆನಿಸಿಲಿನ್ ಒಂದೇ. ಅಲರ್ಜಿ ಇದ್ದರೂ ಆಸ್ಪತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟು ದೇಹವನ್ನು ಒಗ್ಗಿಸಿ ಅದನ್ನೇ ಕೊಡುತ್ತಾರೆ. ಹೆರಿಗೆಗೆ ಕನಿಷ್ಠ 30 ದಿನ ಮೊದಲು ಚಿಕಿತ್ಸೆ ಆಗಿರಬೇಕು. ಇಂಜೆಕ್ಷನ್ ನಂತರ ಹೊಟ್ಟೆನೋವು ಬಂದರೆ, ಮಗುವಿನ ಅಲುಗಾಟ ಕಡಿಮೆಯಾದರೆ ತಕ್ಷಣ ತಿಳಿಸಿ. ಬಸುರಿನ ಸಕ್ಕರೆಯ ಪಥ್ಯ, ಇನ್ಸುಲಿನ್ ಎಂದಿನಂತೆ ನಡೆಯಲಿ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡಿ.

ಗುಣವಾಯಿತೆಂದು ತಿಳಿಯುವುದು ಹೇಗೆ?

ಹುಣ್ಣು ಮಾಯಿತೇ ಎಂಬುದು ಲೆಕ್ಕವಲ್ಲ. ವಿಡಿಆರ್‌ಎಲ್ ಅಂಕಿ ಇಳಿಯಬೇಕು. 1:32 ಇದ್ದದ್ದು 1:8ಕ್ಕೆ, ಅಂದರೆ ನಾಲ್ಕು ಪಟ್ಟು ಇಳಿದರೆ ಚಿಕಿತ್ಸೆ ಫಲಿಸಿದೆ ಎಂದರ್ಥ. ಸಾಮಾನ್ಯವಾಗಿ 3, 6 ಮತ್ತು 12 ತಿಂಗಳಿಗೆ, ಹಳೆಯ ಸೋಂಕಾದರೆ 24 ತಿಂಗಳಿಗೂ ನೋಡುತ್ತಾರೆ. ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ, ಅದೇ ಪರೀಕ್ಷೆ ಮಾಡಿಸಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ನೋಡಿಸಲು ಹೇಗೂ ಬರುತ್ತೀರಿ. ಅದೇ ದಿನ ಇದನ್ನೂ ಕೊಟ್ಟರೆ ಮರೆಯುವುದಿಲ್ಲ. ಒಮ್ಮೆ ಗುಣವಾದವರಿಗೆ ಮತ್ತೆ ಸೋಂಕು ತಗುಲಬಹುದು ಎಂಬುದೂ ನೆನಪಿರಲಿ.

ಬಂಧುಗಳಿಗೆ ಕೆಲವು ಮಾತು

• ವರದಿ ರೋಗಿಯದು. ಲಕೋಟೆ ನಿಮ್ಮ ಕೈಗೆ ಬಂದರೂ ತೆರೆಯಬೇಡಿ, ಬೇರೆಯವರಿಗೆ ತೋರಿಸಬೇಡಿ.
• ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಬೇಕು. ಒಬ್ಬರಿಗೆ ಮಾತ್ರ ಚಿಕಿತ್ಸೆಯಾದರೆ ಕಾಯಿಲೆ ಮತ್ತೆ ಮರಳುತ್ತದೆ. ಚಿಕಿತ್ಸೆ ಮುಗಿದು ಒಂದು ವಾರ ಕಳೆದು, ಹುಣ್ಣು ಪೂರ್ತಿ ಮಾಯುವವರೆಗೆ ಸಂಪರ್ಕ ಬೇಡ. ನಂತರವೂ ಕಾಂಡೋಮ್ ಬಳಕೆಯ ಬಗ್ಗೆ ಕೇಳಿ ತಿಳಿಯಿರಿ.
• ರೋಗಿಗೆ ಊಟ ಬಡಿಸಲು, ಪಕ್ಕದಲ್ಲಿ ಮಲಗಿ ನೋಡಿಕೊಳ್ಳಲು ಹೆದರಬೇಡಿ. ಹುಣ್ಣಿಗೆ ಕೈ ತಾಗುವ ಕೆಲಸಕ್ಕೆ ಮಾತ್ರ ಗ್ಲೌಸ್ ಹಾಕಿ, ಸೋಪಿನಿಂದ ಕೈ ತೊಳೆಯಿರಿ.
• ಗ್ಲೂಕೋಮೀಟರ್ ಮನೆಗೆ ಒಂದಿರಬಹುದು, ಸೂಜಿ ಮಾತ್ರ ಒಬ್ಬೊಬ್ಬರಿಗೂ ಬೇರೆ.

ಅನೇಕರಿಗೆ ಇದು ಗೊತ್ತಾಗುವುದು ರಕ್ತದಾನ ಮಾಡಿದಾಗ ಅಥವಾ ಆಪರೇಷನ್‌ಗೆ ಮೊದಲು. ದಾನದ ಪ್ರತಿ ಬಾಟಲಿಗೂ ಸಿಫಿಲಿಸ್ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯ. ರಕ್ತನಿಧಿಯಿಂದ ಕರೆ ಬಂದರೆ ಹೋಗಿ ಸಲಹೆ ಪಡೆಯಿರಿ.

ಆ ಕುಟುಂಬಕ್ಕೆ ಏನಾಯಿತು?

ಆ ದಿನ ಅತ್ತೆಯವರನ್ನು ಹೊರಗೆ ಕೂರಿಸಿ, ಗಂಡ ಹೆಂಡತಿಯೊಂದಿಗೆ ಮಾತನಾಡಿದೆ. "ಯಾರಿಂದ ಯಾರಿಗೆ ಬಂತು ಎಂದು ಈ ಪರೀಕ್ಷೆ ಹೇಳುವುದಿಲ್ಲ. ಯಾರಿಗೆ ಚಿಕಿತ್ಸೆ ಬೇಕು ಎಂದಷ್ಟೇ ಹೇಳುತ್ತದೆ" ಎಂದೆ. ಗಂಡ ತಾನಾಗಿಯೇ ಹೇಳಬೇಕಾದದ್ದನ್ನು ಹೇಳಿದರು. ಹೆಂಡತಿ ಬಹಳ ಹೊತ್ತು ಅತ್ತರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ಮಗು ಉಳಿಯುತ್ತಾ ಸಿಸ್ಟರ್?" ಇಬ್ಬರಿಗೂ ಟಿಪಿಎಚ್‌ಎ ಪಾಸಿಟಿವ್ ಬಂತು. ಇಬ್ಬರಿಗೂ ಇಂಜೆಕ್ಷನ್ ಆಯಿತು. ಆಕೆಯನ್ನು ಒಂದು ದಿನ ವಾರ್ಡಿನಲ್ಲೇ ಇಟ್ಟುಕೊಂಡು ಜ್ವರ, ಶುಗರ್, ಮಗುವಿನ ಎದೆಬಡಿತ ನೋಡಿದೆವು. ಗಂಡನ ಶುಗರ್ ಜ್ವರದಲ್ಲಿ 280ಕ್ಕೆ ಏರಿ ಮರುದಿನ ಇಳಿಯಿತು.

ತಿಂಗಳು ತುಂಬಿ ಮಗು ಹುಟ್ಟಿತು. ಮಗುವಿನ ರಕ್ತದಲ್ಲಿ ಮೊದಲು ವಿಡಿಆರ್‌ಎಲ್ ಸ್ವಲ್ಪ ರಿಯಾಕ್ಟಿವ್ ಇತ್ತು. ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳಿಂದ ಹಾಗೆ ಆಗುತ್ತದೆ. ಮಕ್ಕಳ ವೈದ್ಯರು ಬಿಡದೆ ನೋಡಿದರು. ಆರನೇ ತಿಂಗಳಿಗೆ ಅದು ಪೂರ್ತಿ ಹೋಯಿತು. ಆ ದಿನ ಮಗುವನ್ನು ಎತ್ತಿಕೊಂಡು ಬಂದವರು ಅತ್ತೆಯೇ. ವರದಿಯ ಲಕೋಟೆಯನ್ನು ಅವರು ತೆರೆಯದೆ ಸೊಸೆಯ ಕೈಗೆ ಕೊಟ್ಟರು.

ನೆನಪಿಡಿ

1. ನೋವಿಲ್ಲದ ಹುಣ್ಣನ್ನು ಮೊದಲು ತೋರಿಸಿ. ಅದಕ್ಕೆ ಮುಲಾಮು ಹಚ್ಚಿ ಮರೆಮಾಡಬೇಡಿ.
2. ಹುಣ್ಣು ಮಾಯುವುದೇ ಬೇರೆ, ಕಾಯಿಲೆ ಗುಣವಾಗುವುದೇ ಬೇರೆ. ಶುಗರ್ ಹತೋಟಿಗೆ ಬಂದರೆ ಸಿಫಿಲಿಸ್ ಹೋಗುವುದಿಲ್ಲ.
3. ಒಂದು ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ. ಆರಂಭದಲ್ಲೇ ಬಂದರೆ ಒಂದು ದಿನದ ಇಂಜೆಕ್ಷನ್‌ನಿಂದ ಗುಣವಾಗುತ್ತದೆ.
4. ಇಂಜೆಕ್ಷನ್ ದಿನ ಉಪವಾಸ ಬೇಡ, ಇನ್ಸುಲಿನ್ ಬಿಡುವುದು ಬೇಡ, ಶುಗರ್ ನೋಡುವುದನ್ನು ಮರೆಯಬೇಡಿ.
5. ಸಂಗಾತಿಗೂ ಪರೀಕ್ಷೆ, ಸಂಗಾತಿಗೂ ಚಿಕಿತ್ಸೆ.

ಕೇಳಲು ಸಂಕೋಚವಾದರೆ ಈ ಹಾಳೆಯನ್ನು ಮಡಚಿ ತಂದು, ನಿಮಗೆ ಸಂಬಂಧಿಸಿದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ. ಉಳಿದದ್ದನ್ನು ನಾವೇ ಕೇಳಿಕೊಳ್ಳುತ್ತೇವೆ, ಬಾಗಿಲು ಮುಚ್ಚಿ.